ಬೆಟ್ಟದಿಂದ ಇಳಿಯುವ ಬಣ್ಣ: ಶರತ್ಕಾಲದ ಎಲೆಗಳ ಲೆಕ್ಕ ಇಡುವುದು ಹೇಗೆ?

ಶರತ್ಕಾಲದ ಎಲೆ ಬಣ್ಣ ನೋಡಲು ಬೆಟ್ಟಕ್ಕೆ ಹೊರಡುವವರು ಮೊದಲು ಕೇಳುವುದು ತಾರೀಕು. ಬಣ್ಣ ಪೂರ್ತಿ ಬರುವುದು ಯಾವತ್ತು? ಇದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ಬೆಟ್ಟದಲ್ಲಿ ಬಣ್ಣ ಮೇಲಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ನೆತ್ತಿಯ ಹತ್ತಿರ ಮರಗಳು ಬೋಳಾಗಿ ನಿಂತ ದಿನವೇ ಕಣಿವೆಯಲ್ಲಿ ಎಲ್ಲ ಹಸಿರಾಗಿರಬಹುದು. ನಡುವೆ ಎಲ್ಲೋ ಒಂದು ಪಟ್ಟಿ ಮಾತ್ರ ಕೆಂಪು, ಹಳದಿಯಾಗಿರುತ್ತದೆ. ಆ ಪಟ್ಟಿ ಇವತ್ತು ಎಷ್ಟು ಎತ್ತರದಲ್ಲಿದೆ ಅನ್ನುವುದೇ ಕೇಳಬೇಕಾದ ಪ್ರಶ್ನೆ.

ವಾರಕ್ಕೆ ಒಂದೆರಡು ಸಲ ಆ ಎತ್ತರವನ್ನು ಗುರುತು ಹಾಕಿಕೊಂಡರೆ, ಮುಂದಿನ ವಾರ ಅದು ಎಲ್ಲಿರುತ್ತದೆ ಎಂದು ನೀವೇ ಹೇಳಬಹುದು. ದೊಡ್ಡ ಉಪಕರಣ ಏನೂ ಬೇಡ. ಒಂದು ನೋಟ್‌ಬುಕ್, ಪೆನ್ಸಿಲ್, ಎತ್ತರದ ಗೆರೆಗಳಿರುವ ನಕ್ಷೆ, ಫೋನ್ ಕ್ಯಾಮೆರಾ, ಸಾಧ್ಯವಾದರೆ ಒಂದು ಬೈನಾಕ್ಯುಲರ್. ಜಾಸ್ತಿ ಬೇಕಾಗುವುದು ಶಿಸ್ತು: ಪ್ರತಿ ಸಲ ಅದೇ ಜಾಗ, ಅದೇ ಮರಗಳು, ಅದೇ ಅಳತೆ.

ಮೊದಲು, ಎಲೆಯೊಳಗೆ ಏನಾಗುತ್ತಿದೆ

ಇದನ್ನು ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭ. ಬೇಸಿಗೆಯಿಡೀ ಎಲೆಗೆ ಹಸಿರು ಕೊಡುವುದು ಕ್ಲೋರೋಫಿಲ್. ಅದು ದಿನವೂ ಸ್ವಲ್ಪ ಹಾಳಾಗುತ್ತದೆ, ಮರ ಹೊಸದನ್ನು ಮಾಡುತ್ತಲೇ ಇರುತ್ತದೆ. ಹಗಲು ಕುಗ್ಗಿ ರಾತ್ರಿ ಉದ್ದವಾದಂತೆ ಮರ ಹೊಸದು ಮಾಡುವುದನ್ನು ನಿಲ್ಲಿಸುತ್ತಾ ಬರುತ್ತದೆ. ಎಲೆಯಲ್ಲಿರುವ ಸಾರಜನಕದಲ್ಲಿ ಸುಮಾರು ಅರ್ಧದಷ್ಟನ್ನು ರೆಂಬೆಗೆ, ಕಾಂಡಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ತೊಟ್ಟಿನ ಬುಡದಲ್ಲಿ ಒಂದು ತೆಳು ಪದರ ಬೆಳೆದು, ಎಲೆ ಕಳಚಿ ಬೀಳಲು ತಯಾರಿ ನಡೆಯುತ್ತದೆ.

ಹಸಿರು ಹೋದಾಗ ಕಾಣುವ ಹಳದಿ ಹೊಸದೇನಲ್ಲ. ಆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ಬೇಸಿಗೆಯಲ್ಲೂ ಎಲೆಯಲ್ಲೇ ಇದ್ದವು, ಹಸಿರಿನ ಅಡಿಯಲ್ಲಿ ಮುಚ್ಚಿಹೋಗಿದ್ದವು ಅಷ್ಟೇ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಕೆಂಪು ಬಣ್ಣವನ್ನು ಹೆಚ್ಚಿನ ಮರಗಳು ಶರತ್ಕಾಲದಲ್ಲೇ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಮಾಡುತ್ತವೆ. ಓಕ್‌ನಂಥ ಮರಗಳ ಕಂದು ಟ್ಯಾನಿನ್ ಎಂಬ ಒಗರಿನ ವಸ್ತುವಿನಿಂದ ಬರುವುದು.

ಇದರಿಂದ ನಿಮಗೆ ಬೇಕಾದ ಎರಡು ಮಾತು ಸಿಗುತ್ತವೆ. ಹಳದಿ ಪ್ರತಿ ವರ್ಷ ಹೆಚ್ಚುಕಡಿಮೆ ಒಂದೇ ಥರ ಬರುತ್ತದೆ. ಕೆಂಪು ಮಾತ್ರ ಹವಾಮಾನ ನೋಡಿಕೊಂಡು ಬರುತ್ತದೆ: ಬಿಸಿಲಿನ ಹಗಲು, ತಂಪಾದರೂ ಹೆಪ್ಪುಗಟ್ಟದ ರಾತ್ರಿ ಸಿಕ್ಕರೆ ಗಾಢ, ಮೋಡ ಮುಸುಕಿ ರಾತ್ರಿಗಳು ಬೆಚ್ಚಗಿದ್ದರೆ ಮಂಕು. ಇನ್ನೊಂದು, ಬಣ್ಣಕ್ಕೆ ಚಾಲನೆ ಕೊಡುವ ಹಗಲಿನ ಉದ್ದ ಪ್ರತಿ ವರ್ಷವೂ ಅದೇ. ತಾರೀಕು ಹಿಂದೆ ಮುಂದೆ ಆಗುವುದು ಮುಖ್ಯವಾಗಿ ಚಳಿ ಮತ್ತು ನೀರಿನಿಂದ. ಹಾಗಾಗಿಯೇ ಹೋದ ವರ್ಷದ ತಾರೀಕು ಪೂರ್ತಿ ನಂಬಲೂ ಆಗುವುದಿಲ್ಲ, ಪೂರ್ತಿ ಬಿಡಲೂ ಆಗುವುದಿಲ್ಲ.

ಹಂತ 1: ಬೆಟ್ಟದ ಒಂದು ಮೈ ಆರಿಸಿಕೊಳ್ಳಿ

ಇಡೀ ಪರ್ವತ ಸಾಲನ್ನು ಗಮನಿಸಲು ಹೋಗಬೇಡಿ. ಒಂದು ಇಳಿಜಾರು ಸಾಕು. ಕೆಳಗಿನಿಂದ ಮೇಲಕ್ಕೆ ಕನಿಷ್ಠ 600 ರಿಂದ 800 ಮೀಟರ್ ಎತ್ತರದ ವ್ಯತ್ಯಾಸ ಇದ್ದರೆ ಒಳ್ಳೆಯದು. ಸರಾಸರಿ ಲೆಕ್ಕದಲ್ಲಿ 1,000 ಮೀಟರ್ ಮೇಲೇರಿದರೆ ಉಷ್ಣಾಂಶ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮೇಲೆ ಬಣ್ಣ ಮೊದಲು ಬರುವುದಕ್ಕೆ ಕಾರಣ ಇದೇ. ವ್ಯತ್ಯಾಸ ಕಡಿಮೆ ಇದ್ದರೆ ಪಟ್ಟಿ ಇಳಿಯುವುದು ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ.

ನೆತ್ತಿಯಲ್ಲಿ ಯಾವ ಮರ ಇದೆ ಎಂದು ನೋಡಿ. ಅಮೆರಿಕದ ಗ್ರೇಟ್ ಸ್ಮೋಕಿ ಪರ್ವತಗಳಲ್ಲಿ ಅತಿ ಎತ್ತರದ ಕುವೋಹಿ ಶಿಖರ 2,025 ಮೀಟರ್ ಇದೆ. ಅದರ ತುದಿಯ ಭಾಗದಲ್ಲಿ ಇರುವುದು ಸದಾ ಹಸಿರಾಗಿರುವ ಸ್ಪ್ರೂಸ್ ಮತ್ತು ಫರ್ ಮರಗಳು. ಅಲ್ಲಿ ನಿಂತು ಬಣ್ಣ ಹುಡುಕಿದರೆ ಸಿಗುವುದಿಲ್ಲ. ಅದರ ಕೆಳಗೆ, ಸುಮಾರು 1,200 ಮೀಟರ್‌ಗಿಂತ ಮೇಲಿನ ಕಾಡಿನಲ್ಲಿ ಹಳದಿ ಬರ್ಚ್, ಬೀಚ್, ಬೆಟ್ಟದ ಮೇಪಲ್‌ಗಳು ಸೆಪ್ಟೆಂಬರ್ ಮಧ್ಯದಲ್ಲೇ ತಿರುಗಲು ಶುರು ಮಾಡುತ್ತವೆ. ನಡು ಮತ್ತು ಕೆಳ ಎತ್ತರದಲ್ಲಿ ಬಣ್ಣ ತುಂಬುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ಭಾಗದೊಳಗೆ. ಅಂದರೆ ನಿಮ್ಮ ಲೆಕ್ಕದ ಮೇಲಿನ ತುದಿ ಶಿಖರ ಆಗಬೇಕಾಗಿಲ್ಲ, ಎಲೆ ಉದುರಿಸುವ ಮರಗಳು ಎಲ್ಲಿ ಮುಗಿಯುತ್ತವೋ ಅದು.

ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನೂ ಬರೆದಿಡಿ. ಉತ್ತರ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಮೈ ತಂಪು, ಅಲ್ಲಿ ಬಣ್ಣ ಸಾಮಾನ್ಯವಾಗಿ ಬೇಗ. ದಕ್ಷಿಣದ ಮೈ ತಡ. ದಕ್ಷಿಣ ಗೋಳಾರ್ಧದಲ್ಲಿ ಇದು ಉಲ್ಟಾ, ತಿಂಗಳುಗಳೂ ಉಲ್ಟಾ. ಟಾಸ್ಮೇನಿಯಾದ ಬೆಟ್ಟಗಳಲ್ಲಿ ಅಲ್ಲಿಯವರು ಫೇಗಸ್ ಎಂದು ಕರೆಯುವ ಸಣ್ಣ ಮರ ಬಣ್ಣ ಬದಲಿಸುವುದು ಏಪ್ರಿಲ್ ಕೊನೆ, ಮೇ ಮೊದಲಿನಲ್ಲಿ. ಎರಡು ದಿಕ್ಕಿನ ಇಳಿಜಾರುಗಳನ್ನು ಒಂದೇ ಪುಟದಲ್ಲಿ ಕಲಸಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ಎರಡೂ ಬೇಕಿದ್ದರೆ ಎರಡು ಪುಟ ಮಾಡಿ.

ಹಂತ 2: ಎತ್ತರದ ಗುರುತುಗಳು

ನಕ್ಷೆ ತೆಗೆದುಕೊಂಡು ನಿಮ್ಮ ಇಳಿಜಾರನ್ನು 200 ಅಥವಾ 300 ಮೀಟರ್ ಅಂತರದಲ್ಲಿ ಭಾಗ ಮಾಡಿ. ಪ್ರತಿ ಎತ್ತರದಲ್ಲೂ ಸುಲಭವಾಗಿ ತಲುಪಬಹುದಾದ, ಮತ್ತೆ ಗುರುತು ಸಿಗುವ ಒಂದು ಜಾಗ ಬೇಕು: ರಸ್ತೆಯ ತಿರುವು, ಸೇತುವೆ, ದಾರಿಯ ಕಂಬ, ದೊಡ್ಡ ಬಂಡೆ. ನಾಲ್ಕೈದು ಜಾಗ ಸಾಕು. ಹತ್ತು ಮಾಡಿಕೊಂಡರೆ ಎರಡನೇ ವಾರಕ್ಕೇ ಬೇಜಾರು ಬರುತ್ತದೆ.

ಎತ್ತರವನ್ನು ಫೋನಿನ ಜಿಪಿಎಸ್ ಒಂದರಿಂದಲೇ ತೆಗೆದುಕೊಳ್ಳಬೇಡಿ. ನೀವು ಎಲ್ಲಿದ್ದೀರಿ ಎಂದು ಅದು ಚೆನ್ನಾಗಿ ಹೇಳುತ್ತದೆ. ಎಷ್ಟು ಎತ್ತರದಲ್ಲಿದ್ದೀರಿ ಎಂದು ಹೇಳುವಾಗ ಹತ್ತಾರು ಮೀಟರ್ ತಪ್ಪಬಹುದು. ನಕ್ಷೆಯ ಎತ್ತರದ ಗೆರೆ ನೋಡಿ ಒಮ್ಮೆ ಬರೆದುಕೊಂಡರೆ ಆಯಿತು, ಮತ್ತೆ ಅಳೆಯುವ ಕೆಲಸ ಇಲ್ಲ.

ಇವುಗಳ ಜೊತೆ ದೂರದಿಂದ ಇಡೀ ಇಳಿಜಾರು ಕಾಣುವ ಒಂದು ಜಾಗವನ್ನೂ ಹುಡುಕಿ. ಎದುರಿನ ಗುಡ್ಡ ಅಥವಾ ಕಣಿವೆಯ ಆಚೆ ಬದಿ. ಬಣ್ಣದ ಪಟ್ಟಿ ಪೂರ್ತಿಯಾಗಿ ಕಾಣುವುದು ಅಲ್ಲಿಂದಲೇ. ಕಾಡಿನೊಳಗೆ ನಿಂತರೆ ತಲೆ ಮೇಲಿನ ನಾಲ್ಕು ಮರ ಕಾಣುತ್ತದೆ, ಪಟ್ಟಿ ಕಾಣುವುದಿಲ್ಲ.

ಕಣಿವೆಯ ತಳದ ಬಗ್ಗೆ ಒಂದು ಎಚ್ಚರಿಕೆ. ಗಾಳಿ ಇಲ್ಲದ, ಮೋಡ ಇಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಕೆಳಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಆಗ ಕಣಿವೆಯ ತಳ, ಅದಕ್ಕಿಂತ 100-200 ಮೀಟರ್ ಮೇಲಿನ ಇಳಿಜಾರಿಗಿಂತ ಜಾಸ್ತಿ ಚಳಿ ಆಗಬಹುದು. ಇಂಥ ತಗ್ಗುಗಳಲ್ಲಿ ಬಣ್ಣವೂ ಬೇಗ ಬರುತ್ತದೆ. ಮೇಲಿನಿಂದ ಕೆಳಕ್ಕೆ ಅನ್ನುವ ನಿಯಮ ಮುರಿದಂತೆ ಕಂಡರೆ ಗಾಬರಿ ಬೇಡ. ಕೆಳಗಿನ ಗುರುತನ್ನು ತಗ್ಗಿನಿಂದ ಸ್ವಲ್ಪ ಮೇಲೆ ಇಟ್ಟುಕೊಂಡರೆ ಈ ಗೊಂದಲವೇ ಇರುವುದಿಲ್ಲ.

ಹಂತ 3: ಮರಗಳನ್ನು ಆರಿಸುವುದು

ಇಡೀ ಕೆಲಸ ನಿಲ್ಲುವುದು ಈ ಹಂತದ ಮೇಲೆ. ಪ್ರತಿ ಗುರುತಿನಲ್ಲೂ ಮೂರರಿಂದ ಐದು ಮರ ಆರಿಸಿ. ಸಾಧ್ಯವಿದ್ದರೆ ಒಂದಾದರೂ ಜಾತಿ ಎಲ್ಲ ಎತ್ತರಗಳಲ್ಲೂ ಇರಲಿ. ಮೇಲೆ ಬರ್ಚ್, ಕೆಳಗೆ ಓಕ್ ನೋಡಿ ಹೋಲಿಸಿದರೆ ನೀವು ಎತ್ತರವನ್ನು ಅಳೆಯುತ್ತಿಲ್ಲ, ಜಾತಿಯನ್ನು ಅಳೆಯುತ್ತಿದ್ದೀರಿ. ಬರ್ಚ್ ಮೊದಲು ತಿರುಗುವ ಗುಂಪಿನದು, ಓಕ್ ಕೊನೆಯ ಗುಂಪಿನದು.

ಆರಿಸಬಾರದ ಮರಗಳೂ ಇವೆ. ಬೀದಿ ದೀಪದ ಪಕ್ಕದ ಮರ ಬೇಡ; ರಾತ್ರಿ ಬೆಳಕು ಬೀಳುವ ಕಡೆ ಎಲೆ ಹಸಿರಾಗಿ ಜಾಸ್ತಿ ದಿನ ಉಳಿಯುತ್ತದೆ. ರಸ್ತೆಗೆ ಅಂಟಿಕೊಂಡು, ಬೇರಿನ ಮೇಲಿನ ಮಣ್ಣು ಗಟ್ಟಿಯಾದ ಮರ ಬೇಡ. ರೋಗ ಬಂದ ಅಥವಾ ಒಣಗುತ್ತಿರುವ ಕೊಂಬೆ ಇರುವ ಮರವೂ ಬೇಡ. ಕಷ್ಟದಲ್ಲಿರುವ ಮರ ಎಲ್ಲರಿಗಿಂತ ಮೊದಲು ಬಣ್ಣಕ್ಕೆ ತಿರುಗುತ್ತದೆ. ಆಗಸ್ಟ್‌ನಲ್ಲೇ ಕಾಣುವ ಒಂಟಿ ಕೆಂಪು ಕೊಂಬೆ ಹೆಚ್ಚಾಗಿ ಇಂಥದ್ದೇ. ಜೌಗು ನೆಲದ ಕೆಂಪು ಮೇಪಲ್‌ಗಳೂ ಅಕ್ಕಪಕ್ಕದ ಒಣ ನೆಲದವುಗಳಿಗಿಂತ ಬೇಗ ತಿರುಗುತ್ತವೆ. ಅವನ್ನು ನೋಡಿ ಖುಷಿ ಪಡಿ, ಲೆಕ್ಕಕ್ಕೆ ಸೇರಿಸಬೇಡಿ.

ಕೆಲವು ಜಾತಿಗಳ ಸ್ವಭಾವ ಮೊದಲೇ ಗೊತ್ತಿದ್ದರೆ ಅನುಕೂಲ. ಉತ್ತರ ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಆಸ್ಪೆನ್ ಮರಗಳು ಬೇರಿನಿಂದಲೇ ಹೊಸ ಕಾಂಡ ಎಬ್ಬಿಸುತ್ತವೆ. ಹಾಗಾಗಿ ಒಂದು ಇಡೀ ತೋಪು ಒಂದೇ ಗಿಡ ಆಗಿರಬಹುದು. ಯೂಟಾ ರಾಜ್ಯದ ಪ್ಯಾಂಡೊ ಎಂಬ ಆಸ್ಪೆನ್ ಸುಮಾರು 43 ಹೆಕ್ಟೇರ್ ಹರಡಿದೆ, ಅದರಲ್ಲಿ ಸುಮಾರು 47,000 ಕಾಂಡಗಳಿವೆ. ಇಂಥ ತೋಪು ಒಟ್ಟಿಗೇ ಹಳದಿಯಾಗುತ್ತದೆ. ಪಕ್ಕದಲ್ಲೇ ಅಂಟಿಕೊಂಡಿರುವ ಇನ್ನೊಂದು ತೋಪು ಪೂರ್ತಿ ಹಸಿರಾಗಿ ನಿಂತಿರುತ್ತದೆ. ಒಂದೇ ತೋಪಿನಲ್ಲಿ ಐದು ಕಾಂಡ ಗುರುತು ಮಾಡಿಕೊಂಡರೆ ಐದು ಮರ ನೋಡಿದಂತೆ ಆಗುವುದಿಲ್ಲ, ಒಂದೇ ಗಿಡವನ್ನು ಐದು ಸಲ ನೋಡಿದಂತೆ. ಬೇರೆ ಬೇರೆ ತೋಪಿನಿಂದ ಒಂದೊಂದು ತೆಗೆದುಕೊಳ್ಳಿ.

ಲಾರ್ಚ್ ನೋಡಲು ಪೈನ್ ಥರ ಇದ್ದರೂ ಸೂಜಿ ಎಲೆಗಳನ್ನು ಉದುರಿಸುತ್ತದೆ. ಆಲ್ಪ್ಸ್‌ನಲ್ಲಿ, ಕೆನಡಾದ ಬ್ಯಾನ್ಫ್‌ನಲ್ಲಿ ಜನ ಇದರ ಚಿನ್ನದ ಬಣ್ಣಕ್ಕಾಗಿಯೇ ಹೋಗುತ್ತಾರೆ. ಅವಧಿ ತೀರಾ ಕಡಿಮೆ, ಎರಡು ವಾರದ ಆಟ. ಗಿಂಕ್ಗೊ ಇನ್ನೂ ಆತುರದ ಮರ: ಒಂದು ಗಟ್ಟಿ ಚಳಿಯ ರಾತ್ರಿ ಕಳೆದರೆ ಒಂದೇ ದಿನದಲ್ಲಿ ಹಳದಿಯೆಲ್ಲ ನೆಲದ ಮೇಲಿರಬಹುದು. ಎಳೆಯ ಬೀಚ್ ಮತ್ತು ಕೆಲವು ಓಕ್‌ಗಳದ್ದು ಇದಕ್ಕೆ ವಿರುದ್ಧ. ಒಣಗಿದ ಕಂದು ಎಲೆಗಳನ್ನು ಚಳಿಗಾಲದುದ್ದಕ್ಕೂ ಕೊಂಬೆಯಲ್ಲೇ ಇಟ್ಟುಕೊಳ್ಳುತ್ತವೆ. ಎಲೆ ಉದುರಿದ ದಿನ ಬರೆಯಲು ಇವನ್ನು ಕಾದು ಕೂತರೆ ವಸಂತ ಬಂದುಬಿಡುತ್ತದೆ.

ಆರಿಸಿದ ಮರಕ್ಕೆ ಮೊಳೆ ಹೊಡೆಯಬೇಡಿ. ಸಡಿಲವಾಗಿ ಕಟ್ಟಿದ ದಾರ ಸಾಕು. ರಕ್ಷಿತ ಅರಣ್ಯವಾದರೆ ಅದನ್ನೂ ಕಟ್ಟಬೇಡಿ. ಮರದ ಫೋಟೊ ತೆಗೆದು, ಗುರುತಿನ ಜಾಗದಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು ಎಂದು ಬರೆದಿಡಿ.

ಹಂತ 4: ಎರಡು ಸಂಖ್ಯೆ, ಒಂದಲ್ಲ

ಹೆಚ್ಚಿನವರು "ಬಣ್ಣ 70 ಭಾಗ ಬಂದಿದೆ" ಎಂದು ಒಂದು ಸಂಖ್ಯೆ ಬರೆದು ಬಿಡುತ್ತಾರೆ. ಅದರಿಂದ ಅರ್ಧ ವಿಷಯ ಮಾತ್ರ ತಿಳಿಯುತ್ತದೆ. ಪ್ರತಿ ಮರಕ್ಕೂ ಎರಡು ಸಂಖ್ಯೆ ಬರೆಯಿರಿ. ಕೊಂಬೆಯಲ್ಲಿ ಉಳಿದಿರುವ ಎಲೆಗಳಲ್ಲಿ ಶೇಕಡಾ ಎಷ್ಟು ಹಸಿರು ಬಿಟ್ಟಿವೆ? ಒಟ್ಟು ಎಲೆಗಳಲ್ಲಿ ಶೇಕಡಾ ಎಷ್ಟು ಉದುರಿವೆ?

ಯಾಕೆ ಎರಡು ಅಂತೀರಾ? ಒಂದು ಮರ ಈ ಶನಿವಾರ 60 ಭಾಗ ಬಣ್ಣ, 5 ಭಾಗ ಉದುರಿದೆ. ಉಳಿದ 95ರಲ್ಲಿ ಶೇಕಡಾ 60 ಅಂದರೆ 57. ಇದು ಕಣ್ಣಿಗೆ ನಿಜವಾಗಿ ಸಿಗುವ ಬಣ್ಣ. ಮುಂದಿನ ಶನಿವಾರ ಅದೇ ಮರ 95 ಭಾಗ ಬಣ್ಣ, ಆದರೆ ಅರ್ಧ ಉದುರಿದೆ. ಉಳಿದ 50ರಲ್ಲಿ ಶೇಕಡಾ 95 ಅಂದರೆ 47 ಚಿಲ್ಲರೆ. ಬಣ್ಣದ ಸಂಖ್ಯೆ ಏರಿದೆ, ನೋಟ ಇಳಿದಿದೆ. ಒಂದೇ ಸಂಖ್ಯೆ ಬರೆದಿದ್ದರೆ ನೀವು ಎರಡನೇ ಶನಿವಾರವೇ ಉತ್ತಮ ಎಂದು ಹೇಳಿ ಸ್ನೇಹಿತರನ್ನು ತಪ್ಪು ದಿನ ಕರೆದುಕೊಂಡು ಹೋಗುತ್ತಿದ್ದಿರಿ. ಈ ಮೂರನೇ ಸಂಖ್ಯೆಯನ್ನು ನೋಟದ ಅಂಕ ಅನ್ನೋಣ. ಮುಂದಿನ ಲೆಕ್ಕವೆಲ್ಲ ಇದರ ಮೇಲೆ.

ಕಣ್ಣಂದಾಜಿಗೆ 57, 63 ಎಂಬ ಸೂಕ್ಷ್ಮ ಸಂಖ್ಯೆ ಬೇಡ. ಅಮೆರಿಕದ ರಾಷ್ಟ್ರೀಯ ಫಿನಾಲಜಿ (ಋತುವಿನ ಜೊತೆ ಗಿಡ, ಪ್ರಾಣಿಗಳಲ್ಲಿ ಆಗುವ ಬದಲಾವಣೆಗಳ ಅಧ್ಯಯನ) ಜಾಲ ನಡೆಸುವ ನೇಚರ್ಸ್ ನೋಟ್‌ಬುಕ್ ಎಂಬ ಯೋಜನೆಯಲ್ಲಿ ಸಾಮಾನ್ಯ ಜನರೇ ಗಿಡಮರಗಳ ವಿವರ ದಾಖಲಿಸುತ್ತಾರೆ. ಅಲ್ಲಿ ಎಲೆಗೆ ಬಳಸುವ ಮೆಟ್ಟಿಲುಗಳು ಹೀಗಿವೆ: 5ಕ್ಕಿಂತ ಕಡಿಮೆ, 5–24, 25–49, 50–74, 75–94, 95 ಮತ್ತು ಮೇಲೆ. ಇದೇ ನಿಮಗೂ ಸಾಕು. ಲೆಕ್ಕ ಹಾಕುವಾಗ ಮೆಟ್ಟಿಲಿನ ನಡು ಸಂಖ್ಯೆ ತೆಗೆದುಕೊಳ್ಳಿ. ಮರವನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ ಒಂದೊಂದನ್ನೇ ನೋಡಿದರೆ ಅಂದಾಜು ಹೆಚ್ಚು ಸರಿಯಾಗಿ ಬರುತ್ತದೆ. ಮರದ ತುದಿ ಮತ್ತು ಹೊರ ಅಂಚು ಮೊದಲು ತಿರುಗುವುದುಂಟು, ಒಳಗೆ ಇನ್ನೂ ಹಸಿರು ಉಳಿದಿರುತ್ತದೆ. ಒಳಗೂ ಇಣುಕಿ ನೋಡಿ.

ತಂಪು ಕನ್ನಡಕ ತೆಗೆದಿಟ್ಟು ನೋಡಿ. ಪೋಲರೈಸ್ಡ್ ಗಾಜು ಎಲೆಯ ಮೇಲಿನ ಹೊಳಪನ್ನು ತೆಗೆದು ಬಣ್ಣವನ್ನು ಗಾಢ ಮಾಡುತ್ತದೆ. ಸೂರ್ಯ ಮರದ ಹಿಂದಿದ್ದಾಗಲೂ ಹಳದಿ ಎಲೆ ಬೆಳಗಿ ನಿಜಕ್ಕಿಂತ ಜಾಸ್ತಿ ಬಣ್ಣ ಬಂದಂತೆ ಕಾಣುತ್ತದೆ. ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಂಡು ಅಂಕ ಕೊಡಿ, ಆಮೇಲೆ ಬೇಕಾದರೆ ಆ ಕಡೆ ಹೋಗಿ ಚಂದ ನೋಡಿ.

ಎಷ್ಟು ದಿನಕ್ಕೊಮ್ಮೆ ಹೋಗಬೇಕು? ಶುರುವಿನಲ್ಲಿ ವಾರಕ್ಕೊಮ್ಮೆ. ಮೇಲಿನ ಗುರುತಿನಲ್ಲಿ ಬಣ್ಣ ಶೇಕಡಾ 25 ದಾಟಿದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ. ಜೋರು ಗಾಳಿ ಮಳೆ ಬಂದ ಮರುದಿನ ಒಂದು ಸಲ ಹೆಚ್ಚುವರಿ.

ಹಂತ 5: ಫೋಟೊ ತೆಗೆಯುವ ಕ್ರಮ

ಕಣ್ಣು ಮರೆಯುತ್ತದೆ, ಫೋಟೊ ಮರೆಯುವುದಿಲ್ಲ. ಆದರೆ ಫೋನ್ ಕ್ಯಾಮೆರಾ ಸುಳ್ಳು ಹೇಳುತ್ತದೆ. ಕೆಂಪು ಎಲೆ ಕಂಡರೆ ಅದಕ್ಕೆ ಇನ್ನಷ್ಟು ಕೆಂಪು ಬಳಿಯುವ ಗುಣ ಈಗಿನ ಫೋನುಗಳಿಗಿದೆ. ಸೆಟ್ಟಿಂಗ್‌ಗಳನ್ನು ನಾವೇ ಬದಲಿಸುವ ಪ್ರೋ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ಹೊಂದಿಸುವುದು) ಅನ್ನು ಹಗಲು ಬೆಳಕಿಗೆ ಸ್ಥಿರ ಮಾಡಿ, ಫಿಲ್ಟರ್ ಎಲ್ಲ ತೆಗೆದುಹಾಕಿ.

ದೂರದ ಜಾಗದಿಂದ ಪ್ರತಿ ಸಲ ಅದೇ ಚೌಕಟ್ಟಿನಲ್ಲಿ ಒಂದು ಫೋಟೊ ತೆಗೆಯಿರಿ. ಹಳೆಯ ಫೋಟೊ ತೆರೆದಿಟ್ಟು, ಬಂಡೆ ಅಥವಾ ಬೆಟ್ಟದ ಅಂಚನ್ನು ಚೌಕಟ್ಟಿನ ಅದೇ ಮೂಲೆಗೆ ಹೊಂದಿಸಿದರೆ ಆಯಿತು. ಹೊತ್ತು ಕೂಡ ಒಂದೇ ಇರಲಿ. ಸಂಜೆ ಹೊಂಬಿಸಿಲಿನಲ್ಲಿ ತೆಗೆದ ಫೋಟೊ ನೋಡಲು ಸೊಗಸು, ಲೆಕ್ಕಕ್ಕೆ ಪ್ರಯೋಜನವಿಲ್ಲ. ಆ ಬೆಳಕಿನಲ್ಲಿ ಹಸಿರು ಮರವೂ ಹಳದಿಯೇ. ತೆಳು ಮೋಡದ ಮಧ್ಯಾಹ್ನ ಎಲ್ಲಕ್ಕಿಂತ ಒಳ್ಳೆಯದು.

ಇಳಿಜಾರಿನ ಒಂದು ಫೋಟೊ ಪ್ರಿಂಟ್ ಮಾಡಿಸಿ ಅದರ ಮೇಲೆ ನಿಮ್ಮ ಎತ್ತರದ ಗುರುತುಗಳನ್ನು ಅಡ್ಡಗೆರೆಯಾಗಿ ಎಳೆದಿಟ್ಟುಕೊಳ್ಳಿ. ಎದುರಿನ ಗುಡ್ಡದಿಂದ ನೋಡುವಾಗ ಪಟ್ಟಿ ಯಾವ ಗೆರೆಯ ಹತ್ತಿರ ಇದೆ ಎಂದು ತಕ್ಷಣ ಹೇಳಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದರಷ್ಟು ಉಪಯೋಗದ ಕಾಗದ ಇನ್ನೊಂದಿಲ್ಲ.

ಹಂತ 6: ಹವಾಮಾನದ ಒಂದು ಸಾಲು

ದಿನವೂ ಬರೆಯುವುದು ಒಂದೇ ಸಾಲು: ರಾತ್ರಿಯ ಕನಿಷ್ಠ ಉಷ್ಣಾಂಶ, ಮಳೆ, ಗಾಳಿ. ಹತ್ತಿರದ ಹವಾಮಾನ ಕೇಂದ್ರ ಕಣಿವೆಯಲ್ಲಿದ್ದರೆ ಎತ್ತರದ ಲೆಕ್ಕ ಹಾಕಿ ಕಳೆಯಿರಿ. ಕೇಂದ್ರ 500 ಮೀಟರ್‌ನಲ್ಲಿದ್ದು ಅಲ್ಲಿ 8 ಡಿಗ್ರಿ ಇದ್ದರೆ, 1,500 ಮೀಟರ್‌ನಲ್ಲಿ ಸುಮಾರು 1.5 ಡಿಗ್ರಿ. ಕಣಿವೆಯಲ್ಲಿ ತಣ್ಣನೆ ಗಾಳಿ ನಿಂತ ರಾತ್ರಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅದನ್ನು ನೆನಪಿಡಿ.

ಏನನ್ನು ಹುಡುಕಬೇಕು? ಬಿಸಿಲಿನ ಹಗಲು, ಸೊನ್ನೆಗಿಂತ ಮೇಲಿನ ತಂಪು ರಾತ್ರಿ ಸಾಲಾಗಿ ಬಂದರೆ ಕೆಂಪು ಏರುತ್ತದೆ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ ಹೋಗಿ ಕೆಲವು ಗಂಟೆ ಅಲ್ಲೇ ನಿಂತರೆ ಎಲೆ ಸಾಯುತ್ತದೆ. ಇನ್ನೂ ಹಸಿರಾಗಿದ್ದ ಎಲೆಯಾದರೆ ಬಣ್ಣವೇ ಬಾರದೆ ಕಂದಾಗಿ ಮುದುಡುತ್ತದೆ. ಬೇಸಿಗೆಯ ಕೊನೆಯಲ್ಲಿ ಮಳೆ ಕೈಕೊಟ್ಟಿದ್ದರೆ ಮರಗಳು ಬೇಗ ತಿರುಗಿ ಬೇಗ ಉದುರಿಸುತ್ತವೆ, ಬಣ್ಣವೂ ಮಂಕು. ಶರತ್ಕಾಲ ಬೆಚ್ಚಗಿದ್ದರೆ ಎಲ್ಲವೂ ತಡವಾಗುತ್ತದೆ. ಗಾಳಿ ಮಳೆಯಂತೂ ಯಾವ ಲೆಕ್ಕವನ್ನೂ ಒಂದು ರಾತ್ರಿಯಲ್ಲಿ ಮುಗಿಸಿಬಿಡುತ್ತದೆ, ಮುಖ್ಯವಾಗಿ ಬಣ್ಣ 75 ದಾಟಿದ ಮರಗಳಲ್ಲಿ. ತೊಟ್ಟಿನ ಪದರ ಆಗ ತಯಾರಾಗಿರುತ್ತದೆ, ಎಲೆಗೆ ಒಂದು ನೆಪ ಬೇಕಷ್ಟೇ. ಅರ್ಧ ತಿರುಗಿದ ಮರ ಅದೇ ಗಾಳಿಯನ್ನು ತಡೆದುಕೊಳ್ಳುತ್ತದೆ.

ಹಂತ 7: ಗೆರೆ ಎಳೆದು ಮುಂದಿನ ವಾರ ಹೇಳುವುದು

ಈಗ ಇಡೀ ಶ್ರಮದ ಫಲ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ತಾರೀಕು, ಉದ್ದಕ್ಕೆ ಎತ್ತರ. ಪ್ರತಿ ಗುರುತಿನ ಮರಗಳ ನೋಟದ ಅಂಕದ ಸರಾಸರಿ ತೆಗೆಯಿರಿ. ಆ ಸರಾಸರಿ ಯಾವತ್ತು ಅತಿ ಹೆಚ್ಚಾಯಿತೋ ಆ ದಿನಕ್ಕೆ, ಆ ಎತ್ತರದಲ್ಲಿ ಒಂದು ಚುಕ್ಕಿ ಇಡಿ. ಅಂಕ ಇಳಿಯಲು ಶುರುವಾದ ಮೇಲೆಯೇ ಹಿಂದಿನದು ಅತಿ ಹೆಚ್ಚು ಎಂದು ಗೊತ್ತಾಗುವುದು, ಹಾಗಾಗಿ ಚುಕ್ಕಿ ಕೆಲವು ದಿನ ತಡವಾಗಿ ಬೀಳುತ್ತದೆ. ಪರವಾಗಿಲ್ಲ.

ಉದಾಹರಣೆಗೆ 1,800 ಮೀಟರ್‌ನ ಚುಕ್ಕಿ ಅಕ್ಟೋಬರ್ 2ಕ್ಕೆ, 1,500 ಮೀಟರ್‌ನದು ಅಕ್ಟೋಬರ್ 9ಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಏಳು ದಿನಕ್ಕೆ 300 ಮೀಟರ್, ದಿನಕ್ಕೆ ಸುಮಾರು 43. ಅದೇ ವೇಗ ಉಳಿದರೆ 1,200 ಮೀಟರ್‌ಗೆ ಅಕ್ಟೋಬರ್ 16ರ ಸುಮಾರಿಗೆ ಬರಬೇಕು. ಎರಡೇ ಚುಕ್ಕಿಯಿಂದ ಸಿಕ್ಕ ವೇಗ ಕಚ್ಚಾ ಲೆಕ್ಕ. ಮೂರನೇ ಚುಕ್ಕಿ ಬಿದ್ದ ಮೇಲೆ ಅದಕ್ಕೆ ಬಲ ಬರುತ್ತದೆ.

ಈ ವೇಗ ಸಹಜವೇ? ಜಪಾನಿನ ತಾತೆಯಾಮ ಕುರೊಬೆ ದಾರಿಯನ್ನು ನೋಡಿ. 2,450 ಮೀಟರ್ ಎತ್ತರದ ಮುರೊದೊದಲ್ಲಿ ಬಣ್ಣ ತುಂಬುವುದು ಹೆಚ್ಚುಕಡಿಮೆ ಸೆಪ್ಟೆಂಬರ್ ಕೊನೆಗೆ. ಅದೇ ದಾರಿಯಲ್ಲಿ 977 ಮೀಟರ್‌ನ ಬಿಜೊದೈರಾಗೆ ಬರುವುದು ಅಕ್ಟೋಬರ್ ಕೊನೆಯ ಹೊತ್ತಿಗೆ. ಸುಮಾರು 1,470 ಮೀಟರ್, ಒಂದು ತಿಂಗಳು. ದಿನಕ್ಕೆ ಸರಿಸುಮಾರು 50 ಮೀಟರ್. ಎಲ್ಲ ಬೆಟ್ಟಕ್ಕೂ ಇದೇ ಸಂಖ್ಯೆ ಎಂದು ಹಿಡಿದುಕೊಳ್ಳಬೇಡಿ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ 200 ಮೀಟರ್ ಎಂದು ಬಂದರೆ ಮಾತ್ರ ಎಲ್ಲೋ ಜಾತಿ ಕಲಸಿದೆ ಎಂದು ಅನುಮಾನ ಪಡಿ.

ಕೆಳಗೆ ಬಂದಂತೆ ಗೆರೆ ಬಾಗುವುದೂ ಉಂಟು. ಕೆಳಗಿನ ಕಾಡಿನಲ್ಲಿ ಓಕ್ ಜಾಸ್ತಿ ಇದ್ದರೆ ಬಣ್ಣ ನಿಧಾನವಾಗಿ ತುಂಬಿ, ಹೆಚ್ಚು ದಿನ ನಿಲ್ಲುತ್ತದೆ. ಒಂದು ಶೀತಗಾಳಿ ಬಂದು ಎಲ್ಲ ಎತ್ತರವನ್ನೂ ಒಟ್ಟಿಗೆ ತಟ್ಟಿದರೆ ಗೆರೆ ಕಡಿದಾಗಿ ಬೀಳುತ್ತದೆ. ಗೆರೆ ಬಾಗಿದ ದಿನಗಳ ಹವಾಮಾನದ ಸಾಲು ಓದಿ, ಕಾರಣ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಹೋಗಲು ಒಂದೇ ದಿನ ಸಿಗುವವರಿಗೆ ಒಂದು ಸಲಹೆ. ಪಟ್ಟಿ ನೀವು ನೋಡಬೇಕೆಂದಿರುವ ಜಾಗಕ್ಕಿಂತ ಸ್ವಲ್ಪ ಮೇಲಿರುವಾಗಲೇ ಹೋಗಿ. ಬಣ್ಣ ಕಡಿಮೆ ಇದ್ದರೆ ಒಂದಷ್ಟು ಮೇಲೆ ಹತ್ತಿದರೆ ಸಿಗುತ್ತದೆ. ತಡವಾಗಿ ಹೋಗಿ ಪಟ್ಟಿ ಬುಡ ದಾಟಿದ್ದರೆ ಹುಡುಕಲು ಬೆಟ್ಟವೇ ಉಳಿದಿರುವುದಿಲ್ಲ.

ಮನೆಯಲ್ಲೇ ಕೂತು ನೋಡುವ ದಾರಿ

ವಾರಕ್ಕೆರಡು ಸಲ ಬೆಟ್ಟಕ್ಕೆ ಹೋಗಲು ಎಲ್ಲರಿಗೂ ಆಗುವುದಿಲ್ಲ, ಅಲ್ವಾ? ಅನೇಕ ಬೆಟ್ಟಗಳಲ್ಲಿ ರಸ್ತೆ ಅಥವಾ ಉದ್ಯಾನದ ವೆಬ್‌ಕ್ಯಾಮ್‌ಗಳಿವೆ. ದಿನವೂ ಒಂದೇ ಹೊತ್ತಿಗೆ ಒಂದು ಚಿತ್ರ ಉಳಿಸಿಕೊಳ್ಳಿ. ಫಿನೋಕ್ಯಾಮ್ ಜಾಲ ಇದನ್ನೇ ವೈಜ್ಞಾನಿಕವಾಗಿ ಮಾಡುತ್ತದೆ. ಅಲುಗದ ಕ್ಯಾಮೆರಾಗಳು ಅರ್ಧ ಗಂಟೆಗೊಮ್ಮೆ ಕಾಡಿನ ಚಿತ್ರ ತೆಗೆಯುತ್ತವೆ. ಚಿತ್ರದಲ್ಲಿರುವ ಕೆಂಪು, ಹಸಿರು, ನೀಲಿಯ ಒಟ್ಟು ಮೊತ್ತದಲ್ಲಿ ಹಸಿರಿನ ಪಾಲು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಶರತ್ಕಾಲದಲ್ಲಿ ಹಸಿರಿನ ಪಾಲು ಇಳಿದು ಕೆಂಪಿನ ಪಾಲು ಏರುತ್ತದೆ. ಈ ಚಿತ್ರಗಳು ಎಲ್ಲರಿಗೂ ಉಚಿತ. ಫೋಟೊ ಎಡಿಟರ್‌ನಲ್ಲಿ ಒಂದು ಭಾಗದ ಸರಾಸರಿ ಬಣ್ಣ ತೆಗೆಯಲು ಗೊತ್ತಿದ್ದರೆ ನಿಮ್ಮ ಫೋಟೊಗಳಿಗೂ ಇದೇ ಲೆಕ್ಕ ಹಾಕಬಹುದು. ವೈಟ್ ಬ್ಯಾಲೆನ್ಸ್ ಸ್ಥಿರ ಮಾಡಿ ಎಂದಿದ್ದು ಇದಕ್ಕೂ ಸೇರಿಸಿಯೇ.

ಉಪಗ್ರಹದ ಚಿತ್ರಗಳೂ ಇವೆ. ಯುರೋಪಿನ ಸೆಂಟಿನೆಲ್-2 ಜೋಡಿ ಒಂದೇ ಜಾಗವನ್ನು ಐದು ದಿನಕ್ಕೊಮ್ಮೆ ನೋಡುತ್ತದೆ, 10 ಮೀಟರ್‌ನಷ್ಟು ಸಣ್ಣ ಚೌಕಗಳಲ್ಲಿ. ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಇವನ್ನು ಯಾರು ಬೇಕಾದರೂ ತೆರೆಯಬಹುದು. ಮೋಡ ಇಲ್ಲದ ದಿನ ಸಿಕ್ಕರೆ ಇಡೀ ಪರ್ವತ ಸಾಲಿನಲ್ಲಿ ಬಣ್ಣದ ಪಟ್ಟಿ ಎತ್ತರದ ಗೆರೆಗಳನ್ನೇ ಹಿಡಿದು ಓಡುವುದು ಕಾಣುತ್ತದೆ. ಬೆಟ್ಟಗಳಲ್ಲಿ ಮೋಡ ಇಲ್ಲದ ದಿನ ಸಿಗುವುದೇ ಕಷ್ಟ, ಅದು ಬೇರೆ ಮಾತು. ಹತ್ತು ಹದಿನೈದು ದಿನ ಒಂದೂ ಚಿತ್ರ ಸಿಗದೆ ಹೋದರೆ ನಿಮ್ಮ ನೋಟ್‌ಬುಕ್ಕೇ ಗತಿ.

ಪ್ರವಾಸಿಗರಿಗಾಗಿ ಹೊರಡಿಸುವ ಬಣ್ಣದ ನಕ್ಷೆಗಳನ್ನು ಒಂದು ಎಚ್ಚರಿಕೆಯಿಂದ ಓದಿ. ಅವು ಸಾಮಾನ್ಯವಾಗಿ ಜಿಲ್ಲೆಗೆ ಒಂದು ಬಣ್ಣ ಬಳಿಯುತ್ತವೆ. ಒಂದೇ ಜಿಲ್ಲೆಯಲ್ಲಿ 300 ಮೀಟರ್ ಕಣಿವೆಯೂ 1,900 ಮೀಟರ್ ಶಿಖರವೂ ಇದ್ದರೆ ಆ ಒಂದು ಬಣ್ಣಕ್ಕೆ ಏನು ಅರ್ಥ? ನಕ್ಷೆಯಿಂದ ಊರು ಆರಿಸಿ, ಎತ್ತರವನ್ನು ನೀವೇ ಆರಿಸಿ.

ಎರಡನೇ ವರ್ಷದಿಂದ

ಒಂದು ವರ್ಷದ ದಾಖಲೆ ಆ ವರ್ಷಕ್ಕಷ್ಟೇ. ಅದೇ ಮರಗಳನ್ನು ಮತ್ತೆ ಮತ್ತೆ ನೋಡಿದಾಗ ಅದರ ಬೆಲೆ ಏರುತ್ತದೆ. ಜಪಾನಿನ ಹವಾಮಾನ ಇಲಾಖೆ ಆಯಾ ಕೇಂದ್ರದ ಗೊತ್ತುಮಾಡಿದ ಮರವನ್ನೇ ನೋಡಿ ಮೇಪಲ್ ಕೆಂಪಾದ ದಿನ, ಗಿಂಕ್ಗೊ ಹಳದಿಯಾದ ದಿನ ಬರೆಯುತ್ತದೆ. 2021ರಲ್ಲಿ ಗಿಡ, ಪ್ರಾಣಿಗಳ ಪಟ್ಟಿಯನ್ನು ತೀರಾ ಇಳಿಸಿ ಆರು ಗಿಡಗಳನ್ನಷ್ಟೇ ಉಳಿಸಿಕೊಂಡಾಗಲೂ ಈ ಎರಡನ್ನು ಬಿಡಲಿಲ್ಲ. ಅಮೆರಿಕದ ಹಾರ್ವರ್ಡ್ ಫಾರೆಸ್ಟ್ ಎಂಬ ಸಂಶೋಧನಾ ಕಾಡಿನಲ್ಲಿ ಜಾನ್ ಓಕೀಫ್ ಎಂಬವರು 1990ರ ದಶಕದ ಆರಂಭದಿಂದ ಅವೇ ಮರಗಳ ಸುತ್ತು ಹಾಕಿ ಬಣ್ಣ, ಉದುರುವಿಕೆ ಎರಡನ್ನೂ ಬರೆದಿಟ್ಟರು. ಇದರಲ್ಲಿ ಕಣ್ಣು ಮತ್ತು ಕಾಗದ ಬಿಟ್ಟರೆ ದೊಡ್ಡ ಯಂತ್ರ ಏನೂ ಇಲ್ಲ.

ಮರ ಒಂದು ಬಿದ್ದುಹೋದರೆ ಪಕ್ಕದ ಮರವನ್ನು ಹೊಸ ಸಂಖ್ಯೆ ಕೊಟ್ಟು ಸೇರಿಸಿ. ಹಳೆಯ ಸಂಖ್ಯೆಯನ್ನೇ ಕೊಡಬೇಡಿ. ಮೇಪಲ್‌ಗಳಲ್ಲಿ ಒಂದು ಮರ ಪ್ರತಿ ವರ್ಷ ಕೆಂಪಾದರೆ ಪಕ್ಕದ್ದು ಪ್ರತಿ ವರ್ಷ ಹಳದಿಯೇ ಆಗಬಹುದು. ಮರಗಳು ಒಂದರಂತೆ ಇನ್ನೊಂದು ಇರುವುದಿಲ್ಲ.

ಋತು ಮುಗಿಯುವಾಗ ಕೆಳಗಿನ ಗುರುತಿನ ಮರಗಳು ಪೂರ್ತಿ ಬೋಳಾಗುವವರೆಗೂ ಬರೆಯಿರಿ. ಹೆಚ್ಚಿನವರು ಚಂದ ಮುಗಿದ ಕೂಡಲೇ ನಿಲ್ಲಿಸುತ್ತಾರೆ, ಉದುರಿದ ಅಂಕಣ ಅರ್ಧಕ್ಕೇ ನಿಲ್ಲುತ್ತದೆ. ಕೊನೆಯ ಸುತ್ತಿನಲ್ಲಿ ಕಟ್ಟಿದ ದಾರಗಳನ್ನು ನೋಡಿ. ಕಾಂಡಕ್ಕೆ ಬಿಗಿಯಾಗಿದ್ದರೆ ಸಡಿಲ ಮಾಡಿ. ಮನೆಗೆ ಬಂದು ಮೊದಲ ಗುರುತಿನಲ್ಲಿ ಬಣ್ಣ ಶೇಕಡಾ 5 ದಾಟಿದ ತಾರೀಕು ನೋಡಿ, ಅದಕ್ಕೆ ಎರಡು ವಾರ ಮುಂಚಿನ ದಿನವನ್ನು ಮುಂದಿನ ವರ್ಷದ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಮೊದಲ ಸುತ್ತು ಅವತ್ತಿಗೆ.